ಕೆಂಪು ಗುಳಿಗಿ, ಹಸಿ ಅಕ್ಕಿ

ಹಸಿ ಅಕ್ಕಿ ತಿನ್ನುವವರನ್ನು ನೀವೂ ನೋಡಿರಬೇಕು, ಅಲ್ವಾ? ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾ ಕೂತಿರುತ್ತಾರೆ, ಕಲ್ಲು ಈ ಕಡೆ, ನೆಲ್ಲು ಆ ಕಡೆ, ನಡುನಡುವೆ ಒಂದು ಚಿಟಿಕೆ ಬಾಯಿಗೆ. ಯಾರೂ ಅದನ್ನೊಂದು ತಿನಿಸು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಗಾವತಿ ಸೀಮೆ ಅಂದರೆ ಭತ್ತದ ಕಣಜ, ಸೋನಾ ಮಸೂರಿ ಲಾರಿಗಟ್ಟಲೆ ಹೊರಡುವ ಊರು. ಇಲ್ಲಿ ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡರೆ ಕೇಳುವವರು ಯಾರು? ಆದರೆ ಬೇಲಿಯಾಚೆಯ ಆ ಸದ್ದು ನನಗೆ ಬೇಸಿಗೆ ಪೂರ್ತಿ ಕೇಳುತ್ತಿತ್ತು. ಕಟಂ, ಕಟಂ, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಕಟಂ. ಪಕ್ಕದ ಮನೆಯ ಚಿಗವ್ವನ ಸೊಸಿ, ಐದು ತಿಂಗಳ ಬಸುರಿ, ಕಟ್ಟೆಯ ಮೇಲೆ ಕೂತು ಅಕ್ಕಿ ಕಡಿಯುತ್ತಿದ್ದಳು.

ಬೇಲಿ ಅಂತ ಬಾಯಿಮಾತಿಗೆ ಅಂದೆ. ನಮ್ಮ ವಿರೂಪಾಪುರಗಡ್ಡೆಯಲ್ಲಿ ನಮ್ಮಿಬ್ಬರ ಮನೆಯ ನಡುವೆ ಇರುವುದು ಮುಳ್ಳುಕಂಟಿಯಲ್ಲ, ಸಾಲಾಗಿ ನೆಟ್ಟ ಕಲ್ಲುಚಪ್ಪಡಿ. ಎದೆಮಟ್ಟಕ್ಕೆ ಬರುತ್ತವೆ, ಮೊಣಕೈ ಊರಿ ನಿಲ್ಲಲಿಕ್ಕೆ ಹೇಳಿ ಮಾಡಿಸಿದ ಹಾಗೆ. ಕಲ್ಲಿಗೇನು ಬರ, ಎತ್ತ ತಿರುಗಿದರೂ ಬಂಡೆಯೇ. ಮಧ್ಯಾಹ್ನ ಮೊಣಕೈ ಸುಡುತ್ತದೆ, ಹಾಗಾಗಿ ನಮ್ಮ ಮಾತುಕತೆಯೆಲ್ಲ ಹೊತ್ತು ಮುಳುಗುವ ಮುಂದೆ, ಹೊಳೆಯಾಚೆ ವಿರೂಪಾಕ್ಷನ ಗೋಪುರದ ಮೇಲೆ ಕೆಂಬಿಸಿಲು ಬೀಳುವ ಹೊತ್ತಿಗೆ.

ಅಂಥ ಒಂದು ಸಂಜೆ ಚಿಗವ್ವ ಎರಡು ಗುಳಿಗೆ ಪಟ್ಟಿ ತಂದು ಕಲ್ಲಿನ ಮೇಲೆ ಜೋಡಿಸಿ ಇಟ್ಟಳು. ಒಂದು ಸರ್ಕಾರದ್ದು, ಕೆಂಪು, ಆಶಾ ಅಕ್ಕ ಕೊಟ್ಟದ್ದು. ಇನ್ನೊಂದು ಗಂಗಾವತಿ ಅಂಗಡಿಯದು, ಮಗ ತಂದದ್ದು, ಥಳಥಳ ಹೊಳೆಯುವ ಹಾಳೆಯದು.

"ಅಕ್ಕೋರ, ಓದಿದೋರು ನೀವು. ಇವೆರಡರಾಗ ರಗತ ಏರಿಸೋದು ಯಾವುದ್ರಿ? ಪುಕ್ಕಟೆ ಕೊಟ್ಟದ್ದು ಅಷ್ಟಕ್ಕಷ್ಟ ಅಂತಾನ ನನ ಮಗ."

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾದರೂ ಆ ಹೆಸರು ನಿವೃತ್ತಿಯಾಗುವುದಿಲ್ಲ, ಅದರ ಜೊತೆಗೆ ಇಂಥ ಪ್ರಶ್ನೆಗಳೂ. ತಾಯಿ ಕಾರ್ಡು ತರಿಸಿ ನೋಡಿದೆ. ಹಿಮೋಗ್ಲೋಬಿನ್ 8.6 ಅಂತ ಬರೆದಿತ್ತು. ಬಸುರಿಗೆ 11 ಇರಬೇಕು. ಅಂದರೆ ಆ ಹುಡುಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವುದು ಸೋಮಾರಿತನಕ್ಕಲ್ಲ, ಅಲ್ವಾ?

ಕನ್ನಡಕ ಏರಿಸಿಕೊಂಡು ಎರಡೂ ಪಟ್ಟಿ ಓದಿದೆ. ಕೆಂಪಿನಲ್ಲಿ 60 ಮಿಲಿಗ್ರಾಂ ಕಬ್ಬಿಣ, ಅರ್ಧ ಮಿಲಿಗ್ರಾಂ ಫೋಲಿಕ್ ಆಸಿಡ್. ಅಂಗಡಿಯದರಲ್ಲಿ ಫೆರಸ್ ಆಸ್ಕಾರ್ಬೇಟ್, 100 ಮಿಲಿಗ್ರಾಂ ಕಬ್ಬಿಣ, ಫೋಲಿಕ್ ಆಸಿಡ್ ಒಂದೂವರೆ. ಚಿಗವ್ವನ ಮಗ ಬರೀ ದೊಡ್ಡ ಅಂಕಿ ನೋಡಿ ತೀರ್ಪು ಕೊಟ್ಟುಬಿಟ್ಟಿದ್ದ.

ಈ ಅಂಕಿಗಳದ್ದು ಒಂದು ವಿಚಿತ್ರ ಇದೆ ನೋಡಿ. ಕಬ್ಬಿಣವನ್ನು ಯಾರೂ ಬರೀ ಕಬ್ಬಿಣವಾಗಿ ನುಂಗಿಸುವುದಿಲ್ಲ, ಯಾವುದಾದರೂ ಲವಣ ಮಾಡಿ ಕೊಡುತ್ತಾರೆ. ಹಾಗಾಗಿ ಲವಣದ ತೂಕ ಬೇರೆ, ಒಳಗಿನ ಕಬ್ಬಿಣದ ತೂಕ ಬೇರೆ. ಚಿಗವ್ವನಿಗೆ ಇದನ್ನು ಹೇಳುವುದು ಕಷ್ಟವಾಗಲಿಲ್ಲ. "ಚೀಲದ ಭತ್ತ ಮಿಲ್ಲಿಗೆ ಹಾಕಿದರ ಚೀಲದಷ್ಟೇ ಅಕ್ಕಿ ಬರತೈತೇನು?" ಅಂತ ಕೇಳಿದೆ, ಅಷ್ಟೇ. ಹೊಟ್ಟು ಹೋಗಿ, ತೌಡು ಹೋಗಿ, ನುಚ್ಚು ಹೋಗಿ ಉಳಿಯುವುದು ಎಷ್ಟು ಅನ್ನೋದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಫೆರಸ್ ಸಲ್ಫೇಟ್ 100 ಮಿಲಿಗ್ರಾಂ ತೂಗಿದರೆ ಅದರಲ್ಲಿ ಕಬ್ಬಿಣ 20, ನೀರಿನಂಶ ಒಣಗಿಸಿದ ಸಲ್ಫೇಟಾದರೆ 30ರ ಮೇಲೆ. ಫ್ಯೂಮರೇಟಿನಲ್ಲಿ 33ರ ಹತ್ತಿರ. ಗ್ಲುಕೋನೇಟಿನಲ್ಲಿ ಬರೀ 12. ಆದ್ದರಿಂದ ಪಟ್ಟಿಯ ಮೇಲಿನ ದಪ್ಪಕ್ಷರದ ತೂಕಕ್ಕೆ ಮರುಳಾಗಬಾರದು, 'ಎಲಿಮೆಂಟಲ್ ಐರನ್' ಅಂತ ಸಣ್ಣಕ್ಷರದಲ್ಲಿ ಇರುತ್ತದಲ್ಲ, ಅದನ್ನು ಹುಡುಕಬೇಕು. ಅದು ಮಿಲ್ಲಿನಿಂದ ಹೊರಬಿದ್ದ ಅಕ್ಕಿ.

ಇನ್ನು 60 ಸಣ್ಣದೋ 100 ದೊಡ್ಡದೋ? ಸರ್ಕಾರದ ಗುಳಿಗೆಯ ಕಥೆಯನ್ನೇ ನೋಡಿ. ದೇಶದಲ್ಲಿ ರಕ್ತಹೀನತೆಗೆ ಗುಳಿಗೆ ಹಂಚುವ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ, ಆಗ ಬಸುರಿಯರಿಗೆ 60. 1992ರಲ್ಲಿ ಅದನ್ನು 100ಕ್ಕೆ ಏರಿಸಿದರು. 2018ರಲ್ಲಿ ಅನೀಮಿಯಾ ಮುಕ್ತ ಭಾರತ ಬಂದಾಗ ಮತ್ತೆ 60ಕ್ಕೆ ಇಳಿಸಿದರು. ಎಲ್ಲರೂ ದಿನಕ್ಕೊಂದು, ರಕ್ತ ಕಡಿಮೆ ಇದ್ದವರು ದಿನಕ್ಕೆ ಎರಡು. ಎರಡು ಕೆಂಪು ಸೇರಿದರೆ 120 ಆಯಿತಲ್ಲ? ಚಿಗವ್ವನ ಮಗನ ಲೆಕ್ಕ ಅಲ್ಲಿಗೇ ತಲೆಕೆಳಗು.

ಗುಳಿಗೆಯ ಬಣ್ಣ ಅಂದಾಗ ನೆನಪಾಯಿತು. ನಾನಿದ್ದ ಸಾಲಿಯಲ್ಲಿ ಪ್ರತಿ ಸೋಮವಾರ ನೀಲಿ ಗುಳಿಗೆ. 10ರಿಂದ 19 ವರ್ಷದವರಿಗೆ ವಾರಕ್ಕೊಂದು, ಬಿಸಿಯೂಟ ಆದಮೇಲೆ. ಇನ್ನೂ ಸಣ್ಣ ಮಕ್ಕಳಿಗೆ ಗುಲಾಬಿ. ದೊಡ್ಡ ಹುಡುಗಿಯರಿಗೆ ಯಾಕೆ ನೀಲಿ ಗೊತ್ತೇನು? ಕೆಂಪು ಅಂದರೆ 'ಬಸುರಿ ಗುಳಿಗಿ' ಅಂತ ಹೆಸರಾಗಿಬಿಟ್ಟಿತ್ತು. ಕೆಂಪು ಕೊಟ್ಟರೆ ಮದುವೆಯಾಗದ ಹುಡುಗಿ ಮುಟ್ಟುತ್ತಾಳೆಯೇ? ಅವಳು ಮುಟ್ಟಿದರೂ ಅವಳ ಅಜ್ಜಿ ಬಿಡುತ್ತಾಳೆಯೇ? ಬಣ್ಣ ಒಂದು ಬದಲಿಸಿದರು, ಗುಳಿಗೆ ಮರ್ಯಾದಸ್ಥವಾಯಿತು. ಯಾರು ಆ ಯೋಚನೆ ಮಾಡಿದರೋ, ಅವರಿಗೆ ಹಳ್ಳಿ ಗೊತ್ತಿತ್ತು.

ಆದರೂ ಮಕ್ಕಳು ಮಕ್ಕಳೇ. ನಾಲಗೆಯ ಕೆಳಗೆ ಗುಳಿಗೆ ಇಟ್ಟುಕೊಂಡು, ನೀರು ಕುಡಿದ ಹಾಗೆ ಮಾಡಿ, ಬಾಯಿ ಆ ಅಂತ ತೆರೆದು ತೋರಿಸಿ, ಹಿಂದಿನ ಗೋಡೆಯ ಹತ್ತಿರ ಹೋಗಿ ಉಗುಳುವರು. ನನಗೆ ತಿಳಿಯಲು ಮೊದಲ ಮಳೆ ಬರಬೇಕಾಯಿತು. ಗೋಡೆಯ ಬುಡದಲ್ಲಿ ಸುಣ್ಣದ ಮೇಲೆ ಸಣ್ಣ ಸಣ್ಣ ನೀಲಿ ಹೊಳೆ ಇಳಿದಿದ್ದವು, ಯಾರೋ ಹೋಳಿ ಆಡಿ ಹೋದ ಹಾಗೆ. ನಾನು ಬಯ್ಯಲಿಲ್ಲ. ಒಬ್ಬಳನ್ನು ಕರೆದು ಯಾಕೆ ಅಂತ ಕೇಳಿದೆ. "ಹೊಟ್ಟಿ ತೊಳಸತೈತ್ರಿ ಅಕ್ಕೋರ, ಬಾಯಾಗ ಮಳಿ ಹೊಡೆದ ತಗಡು ನೆಕ್ಕಿದಂಗ ಆಗತೈತಿ," ಅಂದಳು. ಅವಳ ಮಾತು ಸುಳ್ಳಲ್ಲ. ಕಬ್ಬಿಣದ ಗುಳಿಗೆಗಳೆಲ್ಲ ಸೇರಿ ಸೋಲುವುದು ಇಲ್ಲೇ, ಕಬ್ಬಿಣ ಸಾಲದ್ದಕ್ಕಲ್ಲ, ಹೊಟ್ಟೆ ಒಪ್ಪದ್ದಕ್ಕೆ.

ಮತ್ತೆ ಬೇಲಿಗೆ ಬರೋಣ. ಹಂಗಾದರೆ ಎರಡಲ್ಲ, ನಾಲ್ಕು ನುಂಗಿಸಿದರೆ ಬೇಗ ಏರುತ್ತದೆಯೇ ಅಂತ ಚಿಗವ್ವನ ಮುಂದಿನ ಪ್ರಶ್ನೆ. ನಮ್ಮೂರವರಿಗೆ ಇದಕ್ಕೆ ಉತ್ತರ ಕಾಲುವೆಯಲ್ಲೇ ಇದೆ. ಡ್ಯಾಮಿನಲ್ಲಿ ಎಷ್ಟು ನೀರಿದ್ದರೇನು, ತೂಬು ಎತ್ತುವವನು ನೀರಗಂಟಿ. ಅವನು ಹಲಗೆ ಇಳಿಸಿದನೆಂದರೆ ಮುಗಿಯಿತು, ನಿಮ್ಮ ಗದ್ದೆಗೆ ಹನಿ ಬಾರದು. ನಮ್ಮ ಮೈಯಲ್ಲೂ ಅಂಥ ನೀರಗಂಟಿ ಒಬ್ಬನಿದ್ದಾನೆ. ಹೆಪ್ಸಿಡಿನ್ ಅಂತ ಅವನ ಹೆಸರು, ಇರುವುದು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ. ಒಂದು 60 ಮಿಲಿಗ್ರಾಂ ಗುಳಿಗೆ ಒಳಗೆ ಹೋದ ಕೂಡಲೇ 'ಸಾಕು, ಬಂತು' ಅಂತ ಹಲಗೆ ಇಳಿಸುತ್ತಾನೆ, ಸುಮಾರು ಒಂದು ದಿನ ಮೇಲೆತ್ತುವುದಿಲ್ಲ. ಅದರ ಮೇಲೆ ನೀವು ಎಷ್ಟೇ ಸುರಿದರೂ ಹೆಚ್ಚಿನ ಪಾಲು ಕರುಳಿನಲ್ಲೇ ಹರಿದು ಹೋಗುತ್ತದೆ, ಹೋಗುವಾಗ ಹೊಟ್ಟೆ ನೋಯಿಸಿ ಹೋಗುತ್ತದೆ.

ನೀರು ಸುಮ್ಮನೆ ಹರಿದು ಹೋಗುವ ಸಂಕಟ ನಮಗೆ ಗೊತ್ತಿಲ್ಲದ್ದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಆಗ ಇಲ್ಲಿ ಬಂಡೆಯ ಮೇಲೆ ನಿಂತು ಹೊಳೆ ನೋಡಿದವರ ಮುಖ ನೋಡಬೇಕಿತ್ತು. ಹೋಗುತ್ತಿದ್ದದ್ದು ನೀರಲ್ಲ, ಎರಡನೇ ಬೆಳೆ ಅಂತ ಒಬ್ಬೊಬ್ಬರೂ ಎಣಿಸುತ್ತಿದ್ದರು. ಚಿಗವ್ವನಿಗೆ ಆ ದಿನ ನೆನಪಿಸಿದೆ, ನಾಲ್ಕು ಗುಳಿಗೆಯ ಮಾತು ಅಲ್ಲಿಗೇ ಬಿಟ್ಟಳು.

ಈ ನೀರಗಂಟಿಯ ಗುಟ್ಟು ತಿಳಿದ ಮೇಲೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನವರು ಒಂದು ಪರೀಕ್ಷೆ ಮಾಡಿದರು, 2017ರಲ್ಲಿ ಪ್ರಕಟವಾಯಿತು. ಕೆಲವು ಹೆಂಗಸರಿಗೆ ದಿನಾ ಒಂದು ಗುಳಿಗೆ, ಕೆಲವರಿಗೆ ದಿನ ಬಿಟ್ಟು ದಿನ ಒಂದು. ದಿನಾ ನುಂಗಿದವರ ಮೈ ಹೀರಿಕೊಂಡದ್ದು ಗುಳಿಗೆಯ ಕಬ್ಬಿಣದಲ್ಲಿ ನೂರಕ್ಕೆ 16 ಪಾಲು, ದಿನ ಬಿಟ್ಟು ನುಂಗಿದವರ ಮೈ ಹೀರಿದ್ದು 22ರ ಹತ್ತಿರ. ಆದರೆ ಅವರು ಬಸುರಿಯರಲ್ಲ, ಹೆಚ್ಚು ರಕ್ತ ಕಡಿಮೆಯಾದವರೂ ಅಲ್ಲ, ಮೈಯಲ್ಲಿ ಕಬ್ಬಿಣದ ದಾಸ್ತಾನು ಕರಗಿದವರು ಅಷ್ಟೇ. ಇದನ್ನು ಕೇಳಿ ಬಸುರಿಯ ಗುಳಿಗೆಯನ್ನು ದಿನ ಬಿಟ್ಟು ದಿನ ಮಾಡಲು ಹೋಗಬೇಡಿ. ಬಸುರಿಯ ಮೈಯಲ್ಲಿ ನೀರಗಂಟಿಯೇ ಕೈ ಸಡಿಲ ಬಿಡುತ್ತಾನೆ, ಕೂಸಿಗೂ ಬೇಕಲ್ಲ. ಅವಳಿಗೆ ಆಸ್ಪತ್ರೆಯವರು ಹೇಳಿದ ಲೆಕ್ಕವೇ ಲೆಕ್ಕ. ಆದರೆ ಬೇರೆ ಹೆಂಗಸರು, ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಟ್ಟು ಪಟ್ಟಿಯನ್ನೇ ತಿಪ್ಪೆಗೆಸೆಯುವ ಹಂತಕ್ಕೆ ಬಂದವರು ಇರುತ್ತಾರಲ್ಲ, ಅವರು ಡಾಕ್ಟರನ್ನು 'ದಿನ ಬಿಟ್ಟು ದಿನ ತಗೊಳ್ಲೇನ್ರಿ?' ಅಂತ ಒಂದು ಮಾತು ಕೇಳಲಿ. ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ.

"ಗುಳಿಗಿ ಯಾವಾಗ ನುಂಗಸ್ತಿ ಚಿಗವ್ವ?" ಅಂತ ಕೇಳಿದೆ.

"ಮುಂಜಾನೆದ್ದು, ಬಿಸಿ ಚಾದಾಗ. ಚಾ ಇಲ್ಲಂದ್ರ ಅಕಿ ನುಂಗಂಗಿಲ್ರಿ."

ನನಗೆ ಕಲ್ಲಿನ ಮೇಲೆ ಕೈ ಬಡಿಯಬೇಕು ಅನ್ನಿಸಿತು. ಅಷ್ಟು ದೂರದಿಂದ ಬಂದ ಗುಳಿಗೆ, ಆಶಾ ಅಕ್ಕ ಬಿಸಿಲಲ್ಲಿ ನಡೆದು ತಂದು ಕೊಟ್ಟ ಗುಳಿಗೆ, ಕೊನೆಗೆ ಚಹಾದ ಒಗರಿಗೆ ಸಿಕ್ಕಿ ಕಟ್ಟಿಹೋಗುತ್ತಿದೆ! ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡರೆ ಬಿಡುವುದಿಲ್ಲ. ಹಾಲೂ ಅಷ್ಟೇ. ಬಸುರಿಯರಿಗೆ ಕೊಡುವ ಕ್ಯಾಲ್ಸಿಯಂ ಗುಳಿಗೆಯೂ ಅಷ್ಟೇ. ಎರಡನ್ನೂ ಒಟ್ಟಿಗೆ ನುಂಗಿಸಿ 'ಒಂದೇ ಸಲಕ್ಕೆ ಮುಗೀತು' ಅನ್ನುವ ಮನೆಗಳು ಎಷ್ಟಿಲ್ಲ? ಎರಡರ ನಡುವೆ ಎರಡು ತಾಸಾದರೂ ಅಂತರ ಬೇಕು. ನನ್ನ ಕೇಳಿದರೆ ಕೆಂಪು ಗುಳಿಗೆಗೂ ಅಂಗಡಿ ಗುಳಿಗೆಗೂ ಇರುವ ಅಂತರಕ್ಕಿಂತ ನೀರಿನಲ್ಲಿ ನುಂಗಿದ್ದಕ್ಕೂ ಚಹಾದಲ್ಲಿ ನುಂಗಿದ್ದಕ್ಕೂ ಇರುವ ಅಂತರ ದೊಡ್ಡದು. ಈ ಒಂದು ಮಾತನ್ನು ಹೇಳಲಿಕ್ಕೇ ನಾನು ಇಷ್ಟೆಲ್ಲ ಸುತ್ತು ಹಾಕುತ್ತಿರುವುದು.

ಚಿಗವ್ವ ಸುತ್ತ ನೋಡಿ, ದನಿ ಇಳಿಸಿ, ಇನ್ನೊಂದು ಹೇಳಿದಳು. ಗುಳಿಗೆ ಶುರುಮಾಡಿದ ಮೇಲೆ ಸೊಸಿಗೆ ಬಹಿರ್ದೆಸೆ ಕರ್ರಗೆ ಆಗುತ್ತದಂತೆ. ಓಣಿಯ ಒಬ್ಬ ಮುದುಕಿ ಅದನ್ನು ಕೇಳಿ 'ಒಳಗಿನ ಕೂಸೂ ಕರ್ರಗಾಗತೈತಿ' ಅಂದಳಂತೆ. ಆ ಹುಡುಗಿ ಅಂದಿನಿಂದ ಮೂರು ದಿನ ಗುಳಿಗೆ ಮುಟ್ಟಿರಲಿಲ್ಲ. ಎಂಥ ಭಯ ಹುಟ್ಟಿಸುತ್ತಾರೆ ನೋಡಿ. ಹೀರದೆ ಉಳಿದ ಕಬ್ಬಿಣ ಕರುಳಿನಲ್ಲಿ ಕಪ್ಪಾಗಿ ಹೊರಗೆ ಹೋಗುತ್ತದೆ, ಅಷ್ಟೇ ಅದರ ಕಥೆ. ಕೂಸಿನ ಬಣ್ಣ ಅಪ್ಪ ಅವ್ವನಿಂದ ಬರುತ್ತದೆ, ಗುಳಿಗೆಯಿಂದಲ್ಲ. ಮಲ ಕಪ್ಪಾಗಿದೆ ಅಂದರೆ ಗುಳಿಗೆ ಹೊಟ್ಟೆಗೆ ಹೋಗಿದೆ ಅಂತಲೇ ಅರ್ಥ. ನನ್ನ ಸಾಲಿಯ ಗೋಡೆಗಿಂತ ಅದು ವಾಸಿ, ಅಲ್ವಾ?

ಮಲಬದ್ಧತೆ ಮಾತ್ರ ನಿಜವಾದ ಕಾಟ. ಬರಿಹೊಟ್ಟೆಗೆ ಕಬ್ಬಿಣ ಚೆನ್ನಾಗಿ ಸೇರುತ್ತದೆ, ಆದರೆ ಬರಿಹೊಟ್ಟೆಗೆ ಓಕರಿಕೆ ಜಾಸ್ತಿ. ಹಾಗಾದವರು ರಾತ್ರಿ ಉಂಡು ಸ್ವಲ್ಪ ಹೊತ್ತು ಬಿಟ್ಟು ನುಂಗಿ ಮಲಗಲಿ, ಓಕರಿಕೆ ನಿದ್ದೆಯಲ್ಲೇ ಕಳೆದುಹೋಗುತ್ತದೆ. ನೀರು ಕುಡಿಯಲಿ, ಸೊಪ್ಪು ಉಣ್ಣಲಿ, ಪಕ್ಕದ ಆನೆಗೊಂದಿಯ ಬಾಳೆತೋಟದ ಹಣ್ಣು ತಿನ್ನಲಿ. ಸ್ವಲ್ಪ ಕಡಿಮೆ ಸೇರಿದರೂ ಪೂರ್ತಿ ಬಿಡುವುದಕ್ಕಿಂತ ಎಷ್ಟೋ ಮೇಲು.

ಹೊಟ್ಟೆ ಕೆಡದ ಗುಳಿಗೆಯೇ ಇಲ್ಲವೇ ಅಂತ ಕೇಳಬಹುದು. ಇವೆ. ಪಾಲಿಮಾಲ್ಟೋಸ್ ಅನ್ನುವ ಸಿಹಿ ಟಾನಿಕ್ಕು ಇದೆ, ಬಾಯಿಗೂ ಹಿತ, ಹೊಟ್ಟೆಗೂ ಹಿತ. ಈಚೆಗೆ ಬಿಸ್‌ಗ್ಲೈಸಿನೇಟ್ ಬಂದಿದೆ, ಲೈಪೋಸೋಮಲ್ ಅಂತ ಕೊಬ್ಬಿನ ಕವಚ ತೊಡಿಸಿದ ಕಬ್ಬಿಣ ಬಂದಿದೆ, ಬೆಲೆಯೂ ಹಾಗೇ ಇದೆ. ಆದರೆ ಹಿತವಾದದ್ದೆಲ್ಲ ಹುರುಪಿನದ್ದಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿ ರಕ್ತ ಕಡಿಮೆಯಾದ 80 ಪುಟ್ಟ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅದೇ ಹಳೆಯ ಫೆರಸ್ ಸಲ್ಫೇಟ್ ಹನಿ, ಇನ್ನೊಂದಕ್ಕೆ ಈ ಪಾಲಿಮಾಲ್ಟೋಸಿನ ದಾಯಾದಿಯಂಥ ಪಾಲಿಸ್ಯಾಕರೈಡ್ ಹನಿ, ರಾತ್ರಿ ಮಲಗುವ ಮುಂದೆ ದಿನಕ್ಕೊಮ್ಮೆ, 12 ವಾರ ಕೊಟ್ಟು ನೋಡಿದರು. ಸಲ್ಫೇಟಿನ ಮಕ್ಕಳದ್ದು 11.9ಕ್ಕೆ ಏರಿತು, ಇನ್ನೊಂದರದ್ದು 11.1ಕ್ಕೆ ನಿಂತಿತು. 2017ರಲ್ಲಿ ಇದು ಅಚ್ಚಾಯಿತು. ಅಗ್ಗದ ಹಳೆಯ ಲವಣವೇ ಗೆದ್ದದ್ದು. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಶುರು ಮಾಡುವುದು ಕೆಂಪು ಗುಳಿಗೆಯಿಂದಲೇ. ಹೊತ್ತು ಬದಲಿಸಿ, ಊಟದ ಜೊತೆ ಕೊಟ್ಟು, ಎಲ್ಲ ಮಾಡಿ ನೋಡಿಯೂ ಹೊಟ್ಟೆ ಒಪ್ಪದಿದ್ದರೆ ಆಗ ಡಾಕ್ಟರ ಮಾತಿನ ಮೇಲೆ ದುಬಾರಿಯದರ ಕಡೆ ಹೋಗಲಿ. ಕೂಲಿಯ ದುಡ್ಡಿನಲ್ಲಿ ಮೊದಲೇ ಅಲ್ಲಿಗೆ ಓಡುವುದು ಬೇಡ.

ಕಬ್ಬಿಣ ಕಬ್ಬಿಣ ಅನ್ನುತ್ತೇವಲ್ಲ, ನಾವಿರುವ ಜಾಗವನ್ನೇ ಒಮ್ಮೆ ನೋಡಿ. ಹೊಳೆಯಾಚೆ ಹೊಸಪೇಟೆ ದಾಟಿದರೆ ಸಂಡೂರಿನ ಗುಡ್ಡ, ಅದಿರಿನ ಕೆಂಪು ಧೂಳು. ಈಚೆ ಗಿಣಿಗೇರಾ ಕಡೆ ಹೋದರೆ ಕಬ್ಬಿಣದ ಕಾರ್ಖಾನೆಗಳ ಹೊಗೆ. ಆ ಅದಿರಿಗೆ ಹೆಮಟೈಟ್ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ರಕ್ತಕ್ಕಿರುವ ಪದದಿಂದ ಆ ಹೆಸರು ಬಂತು, ಹಿಮೋಗ್ಲೋಬಿನ್ ಅನ್ನುವುದರ ಬೇರೂ ಅದೇ. ಒಬ್ಬ ಮನುಷ್ಯನ ಮೈಯಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ, ಒಂದೆರಡು ಸಣ್ಣ ಮೊಳೆಯಷ್ಟು. ಬಸುರಿಗೆ ಒಂಬತ್ತು ತಿಂಗಳಲ್ಲಿ ಹೆಚ್ಚಿಗೆ ಬೇಕಾಗುವುದು ಸುಮಾರು 1 ಗ್ರಾಂ. ಬೆಟ್ಟಗಟ್ಟಲೆ ಕಬ್ಬಿಣ ಲಾರಿಯಲ್ಲಿ ಹೋಗುವ ದಾರಿಯ ಪಕ್ಕದ ಹೆಣ್ಣುಮಗಳಿಗೆ ಆ ಒಂದು ಗ್ರಾಂ ಸಿಗಲಿಲ್ಲವಲ್ಲ ಅಂತ ನನಗೆ ಬಹಳ ಸಲ ಹೊಟ್ಟೆ ಉರಿದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತ ಕಡಿಮೆ. ಬೇಲಿಯ ಈಚೆಗೊಬ್ಬಳು ಆಚೆಗೊಬ್ಬಳು ನಿಂತರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು.

ಕಬ್ಬಿಣ ತಿನ್ನಿಸುವ ವಿದ್ಯೆ ಹೊಸದೂ ಅಲ್ಲ. ನಮ್ಮ ಹಳೆಯ ವೈದ್ಯದಲ್ಲಿ ಪಾಂಡುರೋಗಕ್ಕೆ ಮಂಡೂರ ಭಸ್ಮ ಇದೆ. ಮಂಡೂರ ಅಂದರೆ ಏನಂದುಕೊಂಡಿರಿ? ಕಬ್ಬಿಣ ಕಾಸುವಾಗ ಉಳಿದ ಕಿಟ್ಟ, ಅದೂ ನೂರು ವರ್ಷ ಹಳೆಯದಾದಷ್ಟು ಶ್ರೇಷ್ಠ ಅಂತ ಶಾಸ್ತ್ರ. ಕಿಟ್ಟವನ್ನು ಹುಡುಕಿ ಅದರ ವಯಸ್ಸು ಕೇಳುತ್ತಿದ್ದ ವೈದ್ಯರನ್ನು ನೆನೆಸಿಕೊಂಡರೆ ಸೋಜಿಗವಾಗುತ್ತದೆ. ಆ ಕಡೆ ಫ್ರಾನ್ಸಿನಲ್ಲಿ 1832ರಲ್ಲಿ ಪಿಯರ್ ಬ್ಲಾ ಅನ್ನುವ ಡಾಕ್ಟರು ಫೆರಸ್ ಸಲ್ಫೇಟಿನಿಂದ ಗುಳಿಗೆ ಕಟ್ಟಿ ಬಿಳಿಚಿಕೊಂಡ ಹುಡುಗಿಯರಿಗೆ ಕೊಟ್ಟರು. ಚಿಗವ್ವ ಕಲ್ಲಿನ ಮೇಲಿಟ್ಟ ಕೆಂಪು ಗುಳಿಗೆ ಅದರದೇ ವಂಶ.

ಊಟದ ಮಾತು ಬಾರದೆ ನಮ್ಮ ಹರಟೆ ಮುಗಿಯುವುದುಂಟೇ? ಪುಂಡಿಪಲ್ಯ ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕರ್ರಗಾಗುತ್ತದೆ, ನೋಡಿದ್ದೀರಲ್ಲ? ಹುಳಿ ಬಾಣಲೆಯ ಕಬ್ಬಿಣವನ್ನು ಸ್ವಲ್ಪ ಕೆರೆದು ತರುತ್ತದೆ. ನಮ್ಮವ್ವ ಆ ಕರಿಪಲ್ಯವನ್ನು ಬಾಣಂತಿಯರಿಗೆ ಅಂತ ಬೇರೆ ತೆಗೆದಿಡುತ್ತಿದ್ದಳು. ಸ್ಟೀಲು ಬಂದಮೇಲೆ ಪಲ್ಯ ಹಸಿರಾಗಿ ಚೆಂದವಾಯಿತು, ಬಾಣಲೆ ಅಟ್ಟ ಸೇರಿತು. ಜೋಳದ ರೊಟ್ಟಿ, ಕಾಳಿನ ಪಲ್ಯಗಳ ಕಬ್ಬಿಣ ಮೈಗೆ ಹತ್ತಲಿಕ್ಕೆ ಮೇಲೊಂದು ಲಿಂಬೆ ಹಿಂಡಿಕೊಂಡರೆ ಒಳ್ಳೆಯದು. ಆದರೆ ಗುಳಿಗೆಯ ಜೊತೆಗೂ ಲಿಂಬೆಹುಳಿ ಬೇಕೇಬೇಕು ಅನ್ನುವ ನಂಬಿಕೆ ಅಷ್ಟು ಗಟ್ಟಿಯಲ್ಲ. ಚೀನಾದಲ್ಲಿ 440 ಮಂದಿಯ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ವಿಟಮಿನ್ ಸಿ ಸೇರಿಸಿದ್ದಕ್ಕೂ ಬಿಟ್ಟದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, 'ಮನ್ಯಾಗ ಲಿಂಬಿಹಣ್ಣ ಇದ್ದಿಲ್ರಿ, ಅದಕ್ಕ ಗುಳಿಗಿ ನುಂಗಲಿಲ್ಲ' ಅಂದವರನ್ನು ನಾನು ಕಂಡಿದ್ದೇನೆ. ಲಿಂಬೆ ಇಲ್ಲದ ದಿನವೂ ನುಂಗಿ. ಪಲ್ಯ ಎಷ್ಟು ಉಂಡರೂ 8.6 ಅನ್ನುವ ಅಂಕಿಯನ್ನು ಪಲ್ಯವೊಂದೇ ಎತ್ತಲಾರದು.

ಗಡ್ಡೆಯಲ್ಲಿ ಇರುವವರಿಗೆ ಇನ್ನೊಂದು ಫಜೀತಿ ಇದೆ. 2017ರಿಂದ ಮಾತೃಪೂರ್ಣ ಬಂದು ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿ ಊಟ, ಮೊಟ್ಟೆ, ಅಲ್ಲೇ ಗುಳಿಗೆ ಅಂತಾಯಿತು, ಬಹಳ ಒಳ್ಳೆಯ ಏರ್ಪಾಡು. ಆದರೆ ಹೊಳೆ ಬಂದರೆ? 2019ರ ಆಗಸ್ಟಿನಲ್ಲಿ ಡ್ಯಾಮಿನಿಂದ ನೀರು ಬಿಟ್ಟು ಗಡ್ಡೆಗೆ ನಾಲ್ಕೂ ಕಡೆ ನೀರಾದಾಗ ಪ್ರವಾಸಿಗರನ್ನು ಬೋಟು, ಹೆಲಿಕಾಪ್ಟರ್ ತಂದು ಸಾಗಿಸಿದರು. ಅವರು ಹೋದರು, ನಾವು ಇಲ್ಲೇ ಇರುವವರು. ಹಂಪಿಯ ಕಡೆಯ ದೋಣಿ ನಿಲ್ಲುತ್ತದೆ, ಸಾಣಾಪುರದ ಕಡೆಯ ದಾರಿ ಮುಳುಗುತ್ತದೆ, ಗುಳಿಗೆ ಮುಗಿದರೆ ಮುಗಿದ ಹಾಗೇ. ಅದಕ್ಕೆ ಮಳೆಗಾಲಕ್ಕೆ ಮೊದಲು ಒಂದು ತಿಂಗಳ ಗುಳಿಗೆ ಮನೆಯಲ್ಲಿರಲಿ ಅಂತ ನಾನು ಎಲ್ಲರಿಗೂ ಹೇಳುವುದು. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಗಿ ಇಲ್ಲಿನ ರೆಸಾರ್ಟುಗಳನ್ನು ತೆಗೆದ ಮೇಲೆ ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಕೈಗಳೂ ನಾಟಿಯ ಕೆಸರಿಗೆ ಇಳಿದವು. ಬರಿಗಾಲಿನ ಕೆಸರಿನಲ್ಲಿ ಕೊಕ್ಕೆಹುಳ ಕಾಯುತ್ತಿರುತ್ತದೆ, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ. ಆಸ್ಪತ್ರೆಯವರು ಕೊಡುವ ಜಂತುಹುಳದ ಗುಳಿಗೆಯನ್ನೂ ಬಿಡಬಾರದು. ತುಂಬಿದ ಕೊಡಕ್ಕೆ ತಳ ತೂತಾದರೆ ಎಷ್ಟು ಸುರಿದರೇನು?

"ಬಾಟ್ಲಿ ಹಚ್ಚಿಸಿದರ ಒಂದ ದಿನದಾಗ ಮುಗೀತೈತಂತ?" ಅಂತಲೂ ಚಿಗವ್ವ ಕೇಳಿದ್ದಳು. ರಕ್ತನಾಳದ ಮೂಲಕ ಕಬ್ಬಿಣ ಕೊಡುವುದುಂಟು. ಬೆಳಗಾವಿಯ ಕೆಎಲ್‌ಇಯವರು ಅಮೆರಿಕದ ಜೆಫರ್‌ಸನ್ ವಿಶ್ವವಿದ್ಯಾಲಯದ ಜೊತೆ ಸೇರಿ ಕರ್ನಾಟಕ, ರಾಜಸ್ಥಾನಗಳ 4320 ಬಸುರಿಯರಲ್ಲಿ ಅದನ್ನೂ ಗುಳಿಗೆಯನ್ನೂ ಹೋಲಿಸಿ ನೋಡಿದ್ದಾರೆ. ರಕ್ತ ತೀರಾ ಇಳಿದಿದ್ದರೆ, ದಿನ ತುಂಬುತ್ತಾ ಬಂದಿದ್ದರೆ ಡಾಕ್ಟರೇ ಅದನ್ನು ಹೇಳುತ್ತಾರೆ. ಐದು ತಿಂಗಳಿಗೆ 8.6 ಇರುವವಳಿಗೆ ಗುಳಿಗೆಗೆ ಇನ್ನೂ ಹೊತ್ತಿದೆ.

ಹೊತ್ತಿತ್ತು. ಗುಳಿಗೆ ಚಹಾದಿಂದ ರಾತ್ರಿಯ ನೀರಿಗೆ ಬಂತು. ಕ್ಯಾಲ್ಸಿಯಂ ಬೆಳಗಿನ ಪಾಲಿಗೆ ಹೋಯಿತು. ಪಟ್ಟಿಯನ್ನು ಕೈಗೆಟುಕುವ ಗೋಡೆಯ ಮಾಡದಿಂದ ತೆಗೆಸಿ ಎತ್ತರದ ಅಟ್ಟಕ್ಕೆ ಇಡಿಸಿದೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗನಿದ್ದಾನೆ, ಕೆಂಪು ಗುಳಿಗೆ ಅವನ ಕಣ್ಣಿಗೆ ಪೆಪ್ಪರಮೆಂಟು. ದೊಡ್ಡವರಿಗೆ ಮದ್ದಾದದ್ದು ಹಿಡಿ ತುಂಬ ತಿಂದ ಮಗುವಿನ ಜೀವಕ್ಕೇ ಅಪಾಯ.

ಮೊದಲು ಬದಲಾದದ್ದು ತಾಯಿ ಕಾರ್ಡಿನ ಅಂಕಿಯಲ್ಲ. ಎರಡು ವಾರ ಆಗಿತ್ತೋ ಏನೋ, ಸಂಜೆ ಬೇಲಿಯ ಹತ್ತಿರ ನಿಂತಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಕಟ್ಟೆಯ ಮೇಲೆ ಅವಳು ಕೂತಿದ್ದಳು, ಮೊರ ಇತ್ತು, ಅಕ್ಕಿ ಇತ್ತು, ಕಲ್ಲು ಈ ಕಡೆ, ನೆಲ್ಲು ಆ ಕಡೆ. ಕಟಂ ಅನ್ನುವ ಸದ್ದು ಇರಲಿಲ್ಲ. "ಯಾಕವ್ವ, ಅಕ್ಕಿ ತಿನ್ನವಲ್ಲಿ?" ಅಂದೆ. "ಯಾಕೋ ಬ್ಯಾಡ ಅನ್ಸತೈತ್ರಿ ಅಕ್ಕೋರ," ಅಂದು ನಕ್ಕಳು. ಹಸಿ ಅಕ್ಕಿ, ಗೋಡೆ ಮಣ್ಣು, ಬಳಪ, ಇವುಗಳ ಮೇಲಿನ ಆಸೆ ಕಬ್ಬಿಣ ಕಡಿಮೆಯಾದವರಲ್ಲಿ ಬರುವುದುಂಟು, ಕಬ್ಬಿಣ ಒಳಗೆ ಹೋಗತೊಡಗಿದರೆ ರಕ್ತ ಏರುವ ಮೊದಲೇ ಹೋಗುವುದೂ ಉಂಟು. ತಿಂಗಳ ಮೇಲೆ ಆಶಾ ಅಕ್ಕ ಕರೆದುಕೊಂಡು ಹೋಗಿ ನೋಡಿಸಿದಾಗ 9.8. ಏಳು ತಿಂಗಳ ಕುಬುಸದ ಹೊತ್ತಿಗೆ 10.7.

ಚಿಗವ್ವನಿಗೆ ಅಲ್ಲಿಗೇ ಸಾಕು ಅನ್ನಿಸಿತ್ತು. ಮುಖ ಕೆಂಪಗಾಯಿತು, ಇನ್ನು ಯಾಕೆ ಅಂತ. ಇಲ್ಲ ಚಿಗವ್ವ, ಇದು ಹಗೇವು ತುಂಬುವ ಕೆಲಸ. ಮನೆಯ ಗಡಿಗೆಗೆ ಅಕ್ಕಿ ಬಂತು, ಹಗೇವು ಇನ್ನೂ ಖಾಲಿ ಇದೆ. ಹೆರಿಗೆಯಾದ ಮೇಲೂ 180 ದಿನ ದಿನಕ್ಕೊಂದು ಅಂತ ಲೆಕ್ಕ. ಅವಳು ಬೆರಳು ಮಡಚಿ ಆರು ತಿಂಗಳು ಎಣಿಸಿದಳು, ಬನದ ಹುಣ್ಣಿಮೆ ದಾಟುತ್ತದೆ ಅಂದಳು, ಪಟ್ಟಿ ಎತ್ತಿಕೊಂಡು ಒಳಗೆ ಹೋದಳು.

ನಿಮ್ಮ ಬೇಲಿಯಾಚೆಯೂ ಯಾರಾದರೂ ಹಸಿ ಅಕ್ಕಿ ಕಡಿಯುವ ಸದ್ದು ಕೇಳಿದರೆ ದಯವಿಟ್ಟು ಸುಮ್ಮನಿರಬೇಡಿ. ಒಂದು ಸಲ ರಕ್ತ ತೋರಿಸವ್ವ ಅನ್ನಿ, ಗುಳಿಗೆಯನ್ನು ಯಾವುದರಲ್ಲಿ ನುಂಗುತ್ತಾಳೆ ಅಂತಲೂ ಕೇಳಿ.